ಕೌದಿಗೆ ಕೂಲಿ ಕೇಳಿದರೆ ಮುಖ ಯಾಕೆ ಸಣ್ಣದಾಗುತ್ತದೆ?

ಈಗೀಗ ಎಲ್ಲಿ ನೋಡಿದರೂ ಕೌದಿ ಫೋಟೋ. ಕೆಳಗೆ ‘ಅಜ್ಜಿಯ ಪ್ರೀತಿ’, ‘ಅಮ್ಮನ ಮಡಿಲು’ ಅಂತ ಒಂದು ಸಾಲು. ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಕೌದಿ ಹೊಲಿಯುವ ಹೆಂಗಸು ಬಾಗಿಲಿಗೆ ಬಂದು ಕೂಲಿ ಎಷ್ಟು ಅಂತ ಹೇಳಿದ ಕೂಡಲೇ ನಮ್ಮ ದನಿ ಬದಲಾಗುತ್ತದೆ. ‘ಸೀರೆ ನಮ್ಮದೇ ಅಲ್ವೇನಮ್ಮಾ, ಬರೀ ಹೊಲಿಗೆಗೆ ಇಷ್ಟಾ?’

ಬರೀ ಹೊಲಿಗೆಯಂತೆ! ಹಳೇ ಬಟ್ಟೆ ಪದರ ಪದರವಾಗಿ ಹಾಸಿ, ಸುಕ್ಕು ಬಾರದ ಹಾಗೆ ಹಿಡಿದು, ಬೆರಳಿಗೆ ಚುಚ್ಚಿಸಿಕೊಂಡು, ನೆಲದ ಮೇಲೆ ಬಗ್ಗಿ ಕೂತು ಇಡೀ ಕೌದಿ ತುಂಬ ಸಣ್ಣ ಸಣ್ಣ ಹೊಲಿಗೆ ಹಾಕಬೇಕು. ಹೆಂಗಸರ ಕೆಲಸವನ್ನು ಪ್ರೀತಿ ಅಂತ ಕರೆದುಬಿಟ್ಟರೆ ಆಮೇಲೆ ದುಡ್ಡಿನ ಮಾತು ಎತ್ತಿದವಳೇ ಕೆಟ್ಟವಳು. ನನ್ನ ಸಿಟ್ಟು ಇರುವುದು ಇದರ ಮೇಲೆ.

ಕಲಾವಿದೆ ಶೀಲಾ ಗೌಡ ಅವರ ಕೆಲಸ ನನಗೆ ಹಿಡಿಸುವುದೂ ಇದಕ್ಕೇ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿದ್ದಾರೆ. ಪೇಂಟಿಂಗ್ ಕಲಿತವರು 90ರ ದಶಕದಲ್ಲಿ ಸೆಗಣಿ, ದಾರ, ಕುಂಕುಮ ಕೈಗೆತ್ತಿಕೊಂಡರು. 1998ರ ಅವರ ಒಂದು ಕೃತಿಯ ಹೆಸರು ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ನೂರು ಮೀಟರಿಗೂ ಉದ್ದದ ದಾರವನ್ನು ಒಂದು ಸೂಜಿಗೆ ಪೋಣಿಸಿ ಪೂರ್ತಿ ಎಳೆಯುವುದು, ಮತ್ತೊಂದು ಸೂಜಿ, ಮತ್ತೆ ಅಷ್ಟೇ ದಾರ, ಹೀಗೆ ಎಳೆದದ್ದನ್ನೆಲ್ಲ ಒಟ್ಟು ಸೇರಿಸಿ ಅಂಟು ಕಲಸಿದ ಕುಂಕುಮ ಬಳಿದು ಹಗ್ಗ ಮಾಡುವುದು. ಗೋಡೆ, ನೆಲದ ಮೇಲೆಲ್ಲ ಕೆಂಪಗೆ ಹರಿದಾಡುವ ಆ ಹಗ್ಗ ನನಗಂತೂ ಕರುಳಿನ ಹಾಗೇ ಕಾಣುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ನೇತಾಡುತ್ತಿರುತ್ತದೆ. ಬಟ್ಟೆ ಇಲ್ಲ, ಹೊಲಿಗೆಯೂ ಇಲ್ಲ. ‘ಅಯ್ಯೋ ಪಾಪ’ ಅನ್ನಿಸುವ ಹೆಣ್ಣಿನ ಮುಖವಂತೂ ಇಲ್ಲವೇ ಇಲ್ಲ. ಎಳೆದ ಕೈಗಳ ದುಡಿಮೆ ಮಾತ್ರ ಉಳಿದಿದೆ, ಅದನ್ನು ಮುದ್ದು ಮಾಡಿ ಮಡಿಚಿಡೋಕೆ ಆಗುವುದಿಲ್ಲ.

ಶಿಲ್ಪಿ ಮೃಣಾಲಿನಿ ಮುಖರ್ಜಿ ಅವರೂ ಹಾಗೇ. ಬಣ್ಣ ಹಾಕಿದ ನಾರಿನ ಹಗ್ಗಕ್ಕೆ ಕೈಯಲ್ಲೇ ಗಂಟು ಹಾಕಿ ಹಾಕಿ ಆಳೆತ್ತರದ ಶಿಲ್ಪ ಮಾಡಿದರು. ಇದು ಕಲೆಯೋ ಕರಕುಶಲವೋ ಅಂತ ಜನ ಚರ್ಚೆ ಮಾಡಿದರು. ಕಂಚಿನಲ್ಲಿ ಮಾಡಿದ್ದರೆ ಈ ಪ್ರಶ್ನೆ ಬರುತ್ತಿತ್ತಾ?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಆಫ್ರಿಕಾದಿಂದ ಬಂದ ಪೂರ್ವಿಕರ ಮಕ್ಕಳು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಕೆಲವು ಕವಂದಿಯಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ’ ಇಡದಿದ್ದರೆ ಕವಂದಿ ಬೆತ್ತಲೆ ಅನ್ನುತ್ತಾರೆ. ಎಲ್ಲಿ ಕೆಂಪು, ಎಲ್ಲಿ ಹಳದಿ ಅನ್ನುವುದು ಹೊಲಿಯುವವಳ ನಿರ್ಧಾರ. ಚಿಂದಿ ಉಳಿಸೋಕೆ ಸುಮ್ನೆ ಮಾಡಿದ್ದಲ್ಲ ಅದು. ಹಾಗಿದ್ದರೂ ಮಾರೋಕೆ ಇಟ್ಟಾಗ ನಮ್ಮ ಜನಕ್ಕೆ ಅದು ಹಳೇ ಸೀರೆಯ ತುಂಡು, ಜಾಸ್ತಿ ರೇಟು.

ಇನ್ನು ಬೆಂಗಳೂರಿನ ಗಾರ್ಮೆಂಟ್ಸ್. ಅಲ್ಲಿ ಪ್ರೀತಿಯ ಸೋಗೂ ಇಲ್ಲ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಒಬ್ಬಳು ಕಾಲರ್, ಇನ್ನೊಬ್ಬಳು ತೋಳು, ಮತ್ತೊಬ್ಬಳು ಕಫ್, ಪೂರ್ತಿ ಶರ್ಟ್ ಹೊಲಿದೆ ಅಂತ ಹೇಳಿಕೊಳ್ಳೋಕೆ ಯಾರಿಗೂ ಆಗುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂದಿತು. ನಲವತ್ತು ದಾಟಿದ ಮೇಲೆ ಆ ಸ್ಪೀಡಿನಲ್ಲಿ ಎಷ್ಟು ಜನ ಮೆಷಿನ್ ಮುಂದೆ ಕೂರುತ್ತಾರೆ ಹೇಳಿ! ಏಪ್ರಿಲ್ 18, 19ರಂದು ಸಾವಿರಾರು ಹೆಂಗಸರು ಹೊಸೂರು ರೋಡು, ತುಮಕೂರು ರೋಡಿಗೆ ಇಳಿದು ಕೂತರು. ಪೊಲೀಸರ ಲಾಠಿಯೂ ಬಿತ್ತು. ಎರಡನೇ ದಿನಕ್ಕೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಆ ಎರಡು ದಿನದ ಬಗ್ಗೆ ಈ ಊರಿನಲ್ಲಿ ಒಂದು ದೊಡ್ಡ ಪ್ರದರ್ಶನ ಆಗಬೇಕು. ಟಾರ್ಗೆಟ್ ಬೋರ್ಡು, ಪಿಎಫ್ ಸ್ಲಿಪ್ಪು, ಬರೀ ಕಾಲರ್‌ಗಳ ಗುಡ್ಡ, ಎಲ್ಲ ಇಡಲಿ. ಆ ಹೆಂಗಸರೇ ಕೂತು ಮಾಡಲಿ, ಗಂಟೆ ಲೆಕ್ಕದಲ್ಲಿ ಸರಿಯಾದ ಕೂಲಿ ಕೊಟ್ಟು ಮಾಡಿಸಲಿ. ಗೋಡೆ ಮೇಲೆ ಅವರ ಹೆಸರಿನ ಪಕ್ಕದಲ್ಲಿ ಕೊಟ್ಟ ಕೂಲಿಯನ್ನೂ ಬರೆಯಲಿ. ಟಿಕೆಟ್ ಇಟ್ಟರೂ ಬರುತ್ತೇನೆ.