ಪವರ್ ಬ್ಯಾಂಕ್ ಮೆಸೇಜ್ ಬಗ್ಗೆ ಒಂದು ಸ್ಪಷ್ಟನೆ

"ಸಾಂಬ್ರಾ ಏರ್‌ಪೋರ್ಟ್‌ಗೆ ಮನೆಯ ಪವರ್ ಬ್ಯಾಂಕ್ ಒಯ್ಯಬೇಡಿ, ಕಸಿದುಕೊಳ್ಳುತ್ತಾರೆ. ಏರ್‌ಪೋರ್ಟ್ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡದ್ದಕ್ಕೆ ಮಾತ್ರ ಒಳಗೆ ಬಿಡುತ್ತಾರೆ." ನಿನ್ನೆ ಈ ಮೆಸೇಜನ್ನು ಬೆಳಗಾವಿಯ ಮೂರು ಗ್ರೂಪ್‌ಗಳಿಗೆ ನಾನೇ ಕಳಿಸಿದ್ದೆ. ಅದು ತಪ್ಪು.

ಎಲ್ಲಿ ಕೊಂಡಿರಿ ಎಂಬುದು ಲೆಕ್ಕಕ್ಕೇ ಇಲ್ಲ. ಎಲ್ಲಿ ಇಟ್ಟಿದ್ದೀರಿ, ಎಷ್ಟು ದೊಡ್ಡದು ಎಂಬುದಷ್ಟೇ ಮುಖ್ಯ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕೈಗೆಟುಕುವಂತಿರಬೇಕು. ಅದಕ್ಕೇ ವಿಮಾನಯಾನ ನಿಯಮದ ಪ್ರಕಾರ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಕೌಂಟರಿನಲ್ಲಿ ಕೊಡುವ ಲಗೇಜಿನಲ್ಲಿ ಕುಂದಾ ಡಬ್ಬಿ ಇಡಿ, ಇದನ್ನಲ್ಲ!

ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ ವ್ಯಾಟ್-ಅವರ್. 100 ವ್ಯಾಟ್-ಅವರ್ ವರೆಗೆ ವಿಶೇಷ ಅನುಮತಿ ಬೇಕಿಲ್ಲ. 160ರ ವರೆಗೆ ವಿಮಾನ ಕಂಪನಿಯನ್ನು ಮೊದಲೇ ಕೇಳಬೇಕು. ಅದರಾಚೆಗೆ ಬಿಡುವುದಿಲ್ಲ. ಲೆಕ್ಕ ಸುಲಭ: ಪವರ್ ಬ್ಯಾಂಕ್ ಮೇಲೆ ಬರೆದಿರುವ 20,000 ಎಂಎಎಚ್ (mAh) ಅಂದರೆ 20 ಆಂಪಿಯರ್-ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್-ಅವರ್. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಇಷ್ಟರೊಳಗಿನದೇ ಅಲ್ವಾ? ಆದರೆ ಪವರ್ ಬ್ಯಾಂಕ್ ಮೇಲೆ ಬರೆದ ಈ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತಕರಾರು ಬರಬಹುದು.

ಬ್ಯಾಟರಿ ಇಲ್ಲದ ಸಾದಾ ಚಾರ್ಜರ್, ಕೇಬಲ್ ಯಾವ ಚೀಲದಲ್ಲಿದ್ದರೂ ನಡೆಯುತ್ತದೆ. ಸುಮ್ನೆ ಹೆದರಿ ಹೊಸದು ಕೊಳ್ಳಬೇಡಿ.

ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.