ಸ್ಪಷ್ಟನೆ: ಮೇಲ್‌ಮ್ಯಾನ್ ಹಾಕಿದರೆ ಮೇಲ್ ಸರ್ವರ್ ಬೇಡವೇ?

ಮೇಲ್‌ಮ್ಯಾನ್ ಅಂದರೆ ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಕಳಿಸಿದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ಪಟ್ಟಿ) ನಡೆಸುವ ತಂತ್ರಾಂಶ. ‘ಮೇಲ್‌ಮ್ಯಾನ್ 3 ಹಾಕಿಕೊಂಡರೆ ಸಾಕು, ಬೇರೆ ಮೇಲ್ ಸರ್ವರ್ ಬೇಡ’ ಎಂಬ ಮಾತು ಓಡಾಡುತ್ತಿದೆ. ಅದು ತಪ್ಪು. ಸದಸ್ಯರು, ಅನುಮತಿ, ಬೌನ್ಸ್ (ತಲುಪದೆ ವಾಪಸ್ ಬಂದ ಮೇಲ್) ಇವನ್ನೆಲ್ಲ ಮೇಲ್‌ಮ್ಯಾನ್ ನೋಡಿಕೊಳ್ಳುತ್ತದೆ, ನಿಜ. ಆದರೆ ಹೊರಗಿನಿಂದ ಮೇಲ್ ತೆಗೆದುಕೊಳ್ಳುವುದು, ಹೊರಗೆ ಕಳಿಸುವುದು ಪೋಸ್ಟ್‌ಫಿಕ್ಸ್‌ನಂಥ ಸರ್ವರ್‌ನ ಕೆಲಸ.

ಬಂದ ಮೇಲನ್ನು ಪೋಸ್ಟ್‌ಫಿಕ್ಸ್ ಎಲ್‌ಎಂಟಿಪಿ (ಮೇಲ್ ಹಸ್ತಾಂತರಿಸುವ ಒಂದು ಪ್ರೋಟೋಕಾಲ್) ಮೂಲಕ, ಸಾಮಾನ್ಯವಾಗಿ 8024ನೇ ಪೋರ್ಟ್‌ಗೆ, ಮೇಲ್‌ಮ್ಯಾನ್‌ಗೆ ದಾಟಿಸುತ್ತದೆ. ಯಾವ ವಿಳಾಸ ಪಟ್ಟಿಯದ್ದು ಅಂತ ಪೋಸ್ಟ್‌ಫಿಕ್ಸ್‌ಗೆ ತಿಳಿಯುವುದು ಮೇಲ್‌ಮ್ಯಾನ್ ತಾನೇ ಬರೆದಿಡುವ ಟ್ರಾನ್ಸ್‌ಪೋರ್ಟ್ ಮ್ಯಾಪ್‌ನಿಂದ (ಯಾವ ವಿಳಾಸದ ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಫೈಲ್). ಆ ಫೈಲನ್ನು ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್‌ನಲ್ಲಿ (main.cf) ಸೇರಿಸದಿದ್ದರೆ ‘ಇಂಥ ಬಳಕೆದಾರರಿಲ್ಲ’ ಅಂತ ಮೇಲ್ ವಾಪಸ್! ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ಮೇಲ್‌ಮ್ಯಾನನ್ನು ಬೈಯುತ್ತಾರೆ.

ಇನ್ನು, ‘ಎಕ್ಸಿಮ್ ಜೊತೆ ಆಗಲ್ಲ’ ಎನ್ನುವುದೂ ಸುಳ್ಳು (ಎಕ್ಸಿಮ್ ಕೂಡ ಪೋಸ್ಟ್‌ಫಿಕ್ಸ್‌ನಂಥದ್ದೇ ಇನ್ನೊಂದು ಮೇಲ್ ಸರ್ವರ್). ಆಗುತ್ತದೆ, ಸೆಟ್ಟಿಂಗ್ ಬರೆಯುವ ರೀತಿ ಬೇರೆ ಅಷ್ಟೇ.