ಎಲ್ಲರದೂ 120/80

ಕನ್ನಡಿಗರ ಆರೋಗ್ಯದ ಬಗ್ಗೆ ಕಳವಳ ಇರುವವರು ಒಮ್ಮೆ ಯಾವುದಾದರೂ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ರಿಜಿಸ್ಟರ್ ತೆರೆದು ನೋಡಬೇಕು. ಕಳವಳ ಅಲ್ಲೇ ಇಳಿದುಹೋಗುತ್ತದೆ. ಲಾರಿ ಗುದ್ದಿದವನ ಬಿ.ಪಿ. 120/80. ಚೇಳು ಕುಟುಕಿದವಳದು 120/80. ಗದ್ದೆಯ ಬದುವಿನ ಜಗಳದಲ್ಲಿ ತಲೆ ಒಡೆಸಿಕೊಂಡವನದೂ, ಅವನ ತಲೆ ಒಡೆದು, ಕೇಸಿಗೆ ಹೆದರಿ ಎದೆನೋವೆಂದು ಪಕ್ಕದ ಮಂಚದಲ್ಲಿ ಮಲಗಿದವನದೂ 120/80. ಗೀತೆಯಲ್ಲಿ ಹೇಳಿದ ಸಮತ್ವ ಎಲ್ಲಾದರೂ ಸಿದ್ಧಿಸಿದ್ದರೆ ಇಲ್ಲಿಯೇ.

ಇಂಥ ರಿಜಿಸ್ಟರುಗಳನ್ನು ನಂಬಿ ನನ್ನ ಪರಿಚಯದ ಹುಡುಗಿಯೊಬ್ಬಳು ಪಿಎಚ್.ಡಿ.ಗೆ ಸೇರಿದ್ದಾಳೆ. ಅಪಘಾತವಾದ ಎಷ್ಟು ಹೊತ್ತಿಗೆ ಗಾಯಾಳು ಆಸ್ಪತ್ರೆ ತಲುಪುತ್ತಾನೆ ಎಂಬುದಷ್ಟೇ ಅವಳ ಪ್ರಶ್ನೆ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯವರು, ಕಳೆದ ವರ್ಷ ಬಂದುಹೋದ ರೋಗಿಗಳೆಲ್ಲರ ಒಪ್ಪಿಗೆ ಪತ್ರ ತರಲು ಹೇಳಿದರು. ಗುರುತು ಅಳಿಸಿದ ಹಳೆಯ ದಾಖಲೆಗಳಿಗೆ ಒಪ್ಪಿಗೆಯಿಂದ ವಿನಾಯಿತಿ ಕೊಡಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ. ಆದರೆ ಅದನ್ನು ಓದುವುದಕ್ಕೆ ಕೋರಂ ಇರಲಿಲ್ಲ. ರೋಗಿಯ ಗೌಪ್ಯತೆ ದೊಡ್ಡದು ಎಂದರು. ದೊಡ್ಡದೇ. ಅದೇ ಹೊತ್ತಿಗೆ ಹೊರಗೆ ಮೇಜಿನ ಮೇಲೆ ಬಾಯ್ದೆರೆದು ಬಿದ್ದಿದ್ದ ರಿಜಿಸ್ಟರಿನ ಪುಟಗಳನ್ನು ಅಪಘಾತ ಪರಿಹಾರದ ದಲ್ಲಾಳಿಯೊಬ್ಬ ನಿಧಾನವಾಗಿ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಿದ್ದ. ಅವನು ಯಾವ ಸಮಿತಿಗೂ ಅರ್ಜಿ ಹಾಕಿರಲಿಲ್ಲ. ಗಾಯಾಳುಗಳನ್ನು ಮನೆತನಕ ಹುಡುಕಿಕೊಂಡು ಹೋಗುವಷ್ಟು ದತ್ತಾಂಶ ಅವನ ಬಳಿ ಸದಾ ಇರುತ್ತದೆ. ಸಂಶೋಧಕಿ ಅವನಿಗೇ ಕಾಸು ಕೊಟ್ಟು ಕೊಂಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಅನುಮತಿ ಸಿಕ್ಕಿತೆನ್ನಿ. ಒಳಗೆ ಹೋದರೆ ಜನರ ವಯಸ್ಸು 30, 35, 40, 45. ಮೂವತ್ತೇಳು ವರ್ಷದ ಮನುಷ್ಯ ಈ ಜಿಲ್ಲೆಯಲ್ಲಿ ಹುಟ್ಟಿಯೇ ಇಲ್ಲ. ಗಾಯದ ಕಾರಣ: ‘ತಾನಾಗಿ ಬಿದ್ದಿದ್ದು’. ಒಂದೇ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಬಂದ ಮೂವರೂ ಒಂದೇ ಗಳಿಗೆಯಲ್ಲಿ, ಪರಸ್ಪರ ಸಂಬಂಧವೇ ಇಲ್ಲದಂತೆ, ತಾವಾಗಿ ಬಿದ್ದಿದ್ದರು. ರಸ್ತೆ ಅಪಘಾತ ಎಂದು ಬರೆದರೆ ಅದು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಆಗುತ್ತದೆ, ಪೊಲೀಸರಿಗೆ ತಿಳಿಸಬೇಕಾಗುತ್ತದೆ. ವೈದ್ಯರು ವರ್ಗವಾಗಿ ಬೇರೆ ಊರಿಗೆ ಹೋದ ಮೇಲೆ, ಯಾವುದೋ ಸೋಮವಾರ ನ್ಯಾಯಾಲಯದ ಸಮನ್ಸ್ ಅವರನ್ನು ಅಟ್ಟಿಸಿಕೊಂಡು ಬರುತ್ತದೆ. ಹೀಗಾಗಿ ರಿಜಿಸ್ಟರಿನಲ್ಲಿ ದಾಖಲಾಗುವುದು ರೋಗಿಗೆ ಏನಾಯಿತು ಎಂಬುದಲ್ಲ, ಬರೆದವರಿಗೆ ಮುಂದೆ ಏನಾಗಬಾರದು ಎಂಬುದು. ಹೆಂಗಸರು ಬಚ್ಚಲುಮನೆಯಲ್ಲಿ ಜಾರಿ ಬೀಳುತ್ತಾರೆ. ಕೆಲವು ಬಚ್ಚಲುಗಳಿಗೆ ಐದು ಬೆರಳುಗಳಿರುವುದು ಕೆನ್ನೆಯ ಮೇಲೆ ಕಾಣುತ್ತದೆ. ರೈತರು ಕೆಮ್ಮಿನ ಔಷಧಿ ಎಂದು ತಿಳಿದು ಕೀಟನಾಶಕ ಕುಡಿಯುತ್ತಾರೆ. ಸತ್ತವರೆಲ್ಲ ‘ಹೃದಯ ಮತ್ತು ಉಸಿರಾಟ ಸ್ತಂಭನ’ದಿಂದ ಸಾಯುತ್ತಾರೆ. ಹಾಗೆ ಬರೆಯಬೇಡಿ, ಅದು ಸಾವಿನ ಬಗೆಯೇ ಹೊರತು ಕಾರಣವಲ್ಲ ಎಂದು ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದ ನಮೂನೆಯಲ್ಲೇ ಅಚ್ಚಾಗಿದೆ. ಆ ಎಚ್ಚರಿಕೆಯ ಪಕ್ಕದಲ್ಲೇ ಬರೆಯುತ್ತಾರೆ.

ಬರೆಯುವವರನ್ನು ಬೈಯುವುದು ಸುಲಭ. ರಾತ್ರಿ ಪಾಳಿಗೆ ಒಬ್ಬ ವೈದ್ಯ, ಒಬ್ಬ ನರ್ಸ್, ಅಂಟು ಬಿಟ್ಟ ಒಂದು ಬಿ.ಪಿ. ಪಟ್ಟಿ. ಒಬ್ಬನ ಹೆಸರನ್ನೇ ಓಪಿ ಚೀಟಿ, ತುರ್ತು ವಿಭಾಗ, ಎಂಎಲ್‌ಸಿ, ಎಕ್ಸ್‌ರೇ, ಔಷಧಿ, ರೆಫರಲ್ ಎಂದು ಆರು ಕಡೆ ಬರೆಯಬೇಕು. ಆರು ಕಡೆಯೂ ಕಾಗುಣಿತ ಬೇರೆ.

ಹಾವಿನ ವಿಷಯ ಇನ್ನೂ ಚೆನ್ನಾಗಿದೆ. 2000ರಿಂದ 2019ರ ನಡುವೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರು ಎಂಬ ಅಂದಾಜು ಇದೆ. ಅದು ಬಂದದ್ದು ಆಸ್ಪತ್ರೆಗಳ ರಿಜಿಸ್ಟರಿನಿಂದಲ್ಲ, ಮನೆಮನೆಗೆ ಹೋಗಿ ಸತ್ತವರ ಬಂಧುಗಳನ್ನು ಕೇಳಿದ ಅಧ್ಯಯನದಿಂದ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಒಳ್ಳೆಯ ಕೆಲಸ. ಆದರೆ ನಮ್ಮ ಹುಡುಗಿ ನೋಡಿದ ಪುಟಗಳಲ್ಲಿ ಹಾವು ಇರಲಿಲ್ಲ. ‘ಅಪರಿಚಿತ ಕಡಿತ’ ಇತ್ತು. ಹಾವು ಹೆಸರು ಹೇಳಿ ಕಚ್ಚದಿದ್ದದ್ದು ಅದರ ತಪ್ಪು.

ಕಾಗದ ಸಾಕೆಂದು ಅವಳು ಕಂಪ್ಯೂಟರಿನ ಮೊರೆಹೋದಳು. ಈಗ ಎಷ್ಟೋ ಜನರಿಗೆ ಆಭಾ ಎಂಬ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ ಉಂಟಲ್ಲ. ಮುರಿದ ಕೈಯಲ್ಲಿ ಮೊಬೈಲ್ ಹಿಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರಾಯಿತು. ಅಂಕಿಗಳು ಸೊಗಸಾಗಿ, ಗಂಟೆ ನಿಮಿಷ ಸೆಕೆಂಡ್ ಸಮೇತ ಬಂದವು. ವಿಶ್ಲೇಷಿಸಿದಳು. ರಾತ್ರಿ ಒಂದು ಗಂಟೆಗೆ ಹೆದ್ದಾರಿಯಲ್ಲಿ ಬಿದ್ದವರೆಲ್ಲ ಬೆಳಿಗ್ಗೆ 10.15ರಿಂದ 10.40ರ ಒಳಗೆ ಸಾಲಾಗಿ ಆಸ್ಪತ್ರೆಗೆ ಬಂದಿದ್ದರು. ಒಬ್ಬನಂತೂ ಬೆಳಗಿನ ಜಾವ 3.20ಕ್ಕೆ ತೀರಿಕೊಂಡು 10.22ಕ್ಕೆ ದಾಖಲಾಗಿದ್ದ. ದತ್ತಾಂಶ ನಮೂದಿಸುವವನ ಕೆಲಸದ ವೇಳೆ ಹತ್ತರಿಂದ ಐದು.

ಮಾರ್ಗದರ್ಶಕರು ತಲೆಕೆಡಿಸಿಕೊಳ್ಳಲಿಲ್ಲ. ವಿಷಯ ಬದಲಿಸೋಣ ಎಂದರು. ಡೇಟಾ ಎಂಟ್ರಿಯ ಹುಡುಗ ದಿನಾ ಎಷ್ಟು ಹೊತ್ತಿಗೆ ಆಸ್ಪತ್ರೆ ತಲುಪುತ್ತಾನೆ ಎಂಬುದಕ್ಕೆ ಅವಳ ಬಳಿ ಈಗ ಮೂರು ವರ್ಷಗಳ, ಸೆಕೆಂಡಿಗೂ ತಪ್ಪಿಲ್ಲದ ಮಾಹಿತಿ ಇದೆ.